ಮೊಲದ ಹೊತ್ತಿನಲ್ಲಿ ಎದ್ದ ಯಂತ್ರ

ದೇವಾಲಯದ ಹೊಸ ಸರ್ವರ್ ಯಂತ್ರ ಹಿಂದಿನ ಸಂಜೆಯೇ ಬರಬೇಕಾಗಿತ್ತು. ಬಂದದ್ದು ಮರುದಿನ ಮಧ್ಯಾಹ್ನ. ಸಿಂಪಿಯ ಚಿಪ್ಪು ತುಂಬಿದ ಲಾರಿಯೊಂದು ಬಂದರಿನ ರಸ್ತೆಯಲ್ಲಿ ಮಗುಚಿಕೊಂಡಿತ್ತು. ಅದನ್ನು ಎತ್ತುವವರೆಗೆ ಊರೊಳಗೆ ಯಾರೂ ಬರುವಂತಿರಲಿಲ್ಲ. ಅಷ್ಟರಲ್ಲಿ ಒಳ್ಳೆಯ ಹೊತ್ತು ಕಳೆದುಹೋಗಿತ್ತು.

ಆ ಹೊತ್ತನ್ನು ಪಂಚಾಂಗ ನೋಡಿ ಆರಿಸಿದವಳು ಮಿಂಗ್-ಚು. ದೇವಾಲಯದಲ್ಲಿ ದೀಪದ ರಶೀದಿ ಕೊಡುವ ಕಟ್ಟೆಯಲ್ಲಿ ಕೂರುವವಳು ಅವಳೇ. ಆ ಪಂಚಾಂಗದಲ್ಲಿ ದಿನದ ಹನ್ನೆರಡು ಹೊತ್ತುಗಳಿಗೂ ಒಂದೊಂದು ಪ್ರಾಣಿಯ ಹೆಸರು. ಹೊಸದನ್ನು ತೊಡಗಲು ಆ ದಿನ ನಸುಕಿನ ಮೊಲದ ಹೊತ್ತು ಮಾತ್ರ ಶುಭ, ಮಧ್ಯಾಹ್ನದ ಕುರಿಯ ಹೊತ್ತು ಸಲ್ಲದು ಎಂದು ಪಂಚಾಂಗದಲ್ಲಿ ಇತ್ತು. ಇನ್ನೊಂದು ಒಳ್ಳೆಯ ದಿನಕ್ಕೆ ಕಾಯುವಂತಿರಲಿಲ್ಲ. ಹಳೆಯ ಯಂತ್ರ ಕಳೆದ ವಾರ ಮುದುಕರು ಕೆಮ್ಮಿದಂತೆ ಸದ್ದು ಮಾಡಿ ನಿಂತಿತ್ತು. ನಾಳೆ ಬೆಳಿಗ್ಗೆ ಜನ ಹೊಸ ವರ್ಷದ ದೀಪಕ್ಕೆ ಹೆಸರು ಬರೆಸಲು ಬಂದು ನಿಲ್ಲುವವರಿದ್ದರು.

ಕಡಲಿಗೆ ಹೋದವರನ್ನು ಕಾಯುವ ನಮ್ಮ ಮಾಝು ಅಮ್ಮನ ಗುಡಿಯಲ್ಲಿ ಆ ದೀಪಗಳು ಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ಗೂಡುಗಳಲ್ಲಿ ಉರಿಯುತ್ತವೆ. ಒಂದೊಂದು ಗೂಡಿನ ಕೆಳಗೂ ಒಬ್ಬೊಬ್ಬರ ಹೆಸರು. ಕಡಲಿಗೆ ಹೋಗುವ ಗಂಡಸರು, ಬಸುರಿಯರು, ಪರೀಕ್ಷೆ ಬರೆಯುವ ಮಕ್ಕಳು, ಮೊಣಕಾಲು ನೋಯುವ ಮುದುಕಿಯರು, ಎಲ್ಲರೂ ಅಲ್ಲಿದ್ದಾರೆ. ಯಾರ ದೀಪ ಯಾವ ಸಾಲಿನಲ್ಲಿ, ಯಾವ ಗೂಡಿನಲ್ಲಿ ಎಂದು ನೆನಪಿಡುವ ತಂತ್ರಾಂಶವನ್ನು ಬರೆದುಕೊಟ್ಟವನು ಮಿಂಗ್-ಚುವಿನ ಗಂಡ ವೆಂಗ್ ಜೆನ್-ತಾವ್. ಅದು ಅಮ್ಮನಿಗೆ ಅವನು ಒಪ್ಪಿಸಿದ ಕಾಣಿಕೆ. ಅದಕ್ಕಾಗಿ ಅವನು ಯಾರ ಹತ್ತಿರವೂ ಏನೂ ತೆಗೆದುಕೊಳ್ಳಲಿಲ್ಲ. ಹೋದ ಚೈತ್ರದಲ್ಲಿ ಅವನು ತೀರಿಕೊಂಡ. ಅವನ ಮೋಟರ್ ಸೈಕಲ್ಲಿನ ಶಿರಸ್ತ್ರಾಣಕ್ಕೆ ಬೂಸಲು ಹಿಡಿಯದಿರಲೆಂದು ಮಿಂಗ್-ಚು ಈಗಲೂ ಅದನ್ನು ಬಿಸಿಲಿಗೆ ಇಟ್ಟು ಒಳಗೆ ತರುತ್ತಾಳೆ.

ಯಂತ್ರ ತಂದ ಲಾರಿಯವರು ಪೆಟ್ಟಿಗೆ ಇಳಿಸಿ, ಯಂತ್ರವನ್ನು ಹಿಂದಿನ ಕೋಣೆಯಲ್ಲಿ ನಿಲ್ಲಿಸಿ, ತಂತಿಗಳನ್ನು ಸಿಕ್ಕಿಸಿ ಹೋದರು. ಕೋಣೆಯಲ್ಲಿ ಮಿಂಗ್-ಚು ಒಬ್ಬಳೇ ಉಳಿದಳು. ಗಂಡ ಹಳೆಯ ಯಂತ್ರವನ್ನು ಇದೇ ಕೋಣೆಯಲ್ಲಿ ಮೊದಲ ಸಲ ಎಬ್ಬಿಸಿದ ದಿನವೂ ಹೀಗೆಯೇ ಹೊತ್ತು ತಪ್ಪಿತ್ತು. ಅವಳಿಗೆ ಅಳುವೇ ಬಂದಿತ್ತು. ಅವನು ನಕ್ಕು, "ಸೂರ್ಯ ಎಲ್ಲಿದಾನೆ ಅಂತ ಯಂತ್ರಕ್ಕೇನು ಗೊತ್ತು? ಅದರ ಗಡಿಯಾರ ಏನು ಹೇಳುತ್ತೋ ಅದೇ ಅದಕ್ಕೆ ಬೆಳಗು," ಎಂದಿದ್ದ. ಗಡಿಯಾರವನ್ನು ಒಳ್ಳೆಯ ಹೊತ್ತಿಗೆ ತಿರುಗಿಸಿ, ಊದುಬತ್ತಿ ಹಚ್ಚಲು ಅವಳಿಗೆ ಹೇಳಿ, ಆಮೇಲೆ ಮತ್ತೆ ಸರಿಯಾದ ಸಮಯಕ್ಕೆ ತಂದಿದ್ದ.

ಯಂತ್ರಗಳ ವಿಷಯದಲ್ಲಿ ಮಿಂಗ್-ಚುಗೆ ತಿಳಿದಿದ್ದದ್ದು ಆ ಒಂದು ಕೆಲಸ ಮಾತ್ರ. ಹಳೆಯ ಯಂತ್ರ ಕರೆಂಟು ಹೋದಾಗಲೆಲ್ಲ ಸಮಯ ಮರೆಯುತ್ತಿತ್ತು. ಅದನ್ನು ತಿದ್ದುವ ಒಂದು ಸಾಲನ್ನು ಅವನು ಫೋನಿನಲ್ಲೇ ಹೇಳಿಹೇಳಿ ಬಾಯಿಪಾಠ ಮಾಡಿಸಿದ್ದ. ಈಗ ಅವಳು ಯಂತ್ರವನ್ನು ಎಬ್ಬಿಸಿ ಆ ಸಾಲನ್ನು ಬರೆದಳು. ನಿಮಿಷವನ್ನು ಮುಟ್ಟಲಿಲ್ಲ, ಮಧ್ಯಾಹ್ನದ ಎರಡನ್ನು ಬೆಳಗಿನ ಆರು ಮಾಡಿದಳು, ಅಷ್ಟೇ. ಯಂತ್ರವನ್ನು ಒಮ್ಮೆ ಮಲಗಿಸಿ ಮತ್ತೆ ಎಬ್ಬಿಸಿ, ಅದರ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದಳು. ಇನ್ನು ಗಡಿಯಾರವನ್ನು ಹಿಂದಿನಂತೆ ಮಾಡಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಧ್ವನಿ ಕೇಳಿತು.

"ಅಕ್ಕಾ! ಶುರು ಮಾಡೇಬಿಟ್ರಾ?"

ಜೆನ್-ತಾವ್‌ನ ಹತ್ತಿರ ಕೆಲಸ ಕಲಿತ ಫಾಂಗ್ ಪೇಯ್-ವೆನ್, ಯಂತ್ರಕ್ಕೆ ತಂತ್ರಾಂಶ ಹಾಕಲು ತೈಚುಂಗ್ ನಗರದಿಂದ ಬಂದಿದ್ದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಹಸಿರು ಪೊಟ್ಟಣದ ಕುರುಕಲು. ನಮ್ಮ ಕಡೆ ಯಂತ್ರದವರೆಲ್ಲ ಆ ಪೊಟ್ಟಣವನ್ನು ಯಂತ್ರದ ತಲೆಯ ಮೇಲೆ ಇಡುತ್ತಾರೆ, ಅದು ಹಠ ಮಾಡದೆ ಹೇಳಿದ್ದು ಕೇಳಲಿ ಎಂದು. ಪೊಟ್ಟಣ ಹಸಿರೇ ಆಗಿರಬೇಕು, ಅವಧಿ ಮೀರಿರಬಾರದು. ಜೆನ್-ತಾವ್ ಯಾವಾಗಲೂ ತೆಂಗಿನ ರುಚಿಯದನ್ನೇ ತರುತ್ತಿದ್ದ. ಪೇಯ್-ವೆನ್ ತಂದದ್ದೂ ತೆಂಗಿನದೇ.

ಮಿಂಗ್-ಚು ಅದನ್ನು ನೋಡಿದಳು.

"ನೀವು ಎದ್ದೇಳಿ ಅಕ್ಕಾ, ಪಾಪ, ಸುಸ್ತಾಗಿರ್ತೀರಿ. ಇನ್ನು ನಾನು ನೋಡ್ಕೋತೀನಿ," ಎಂದು ಪೇಯ್-ವೆನ್ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. "ಈ ಯಂತ್ರದ ಕೆಲಸ ನನಗೂ ಗುರುಗಳಿಗೂ ಎಷ್ಟು ಅಭ್ಯಾಸ ಅಂದ್ರೆ, ಕಣ್ಣು ಮುಚ್ಕೊಂಡೇ ಮಾಡ್ತಿದ್ವಿ."

ನನಗೂ ಗುರುಗಳಿಗೂ. ಮಿಂಗ್-ಚು ಕುರ್ಚಿಯಿಂದ ಎದ್ದಳು. ಗಡಿಯಾರದ ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ಅದು ಅಲ್ಲಿಯೇ ಉಳಿಯಿತು. ಕಣ್ಣು ಮುಚ್ಚಿಕೊಂಡು ಮಾಡುವವಳಿಗೆ ಹೇಳುವುದೇನು ಎಂದುಕೊಂಡು ಹೊರಗೆ ಹೋಗಿ ರಶೀದಿಯ ಕಟ್ಟೆಯಲ್ಲಿ ಕುಳಿತಳು.

ಜೆನ್-ತಾವ್ ಕೆಲಸ ಮಾಡಿದ ಕಂಪನಿಯಲ್ಲಿ ಪೇಯ್-ವೆನ್ ಒಂಬತ್ತು ವರ್ಷ ಅವನ ಪಕ್ಕದ ಮೇಜಿನಲ್ಲಿ ಕುಳಿತವಳು. ಮೀನುಗಾರರ ಸಂಘ, ಅಕ್ಕಿ ಗಿರಣಿ, ಶಾಲೆ ಎಂದು ಇಬ್ಬರೂ ಊರೂರಿಗೆ ಹೋಗಿ ಯಂತ್ರ ಎಬ್ಬಿಸುತ್ತಿದ್ದರು. ಕೆಟ್ಟದ್ದೇನೂ ಇರಲಿಲ್ಲ, ಅದು ಮಿಂಗ್-ಚುಗೆ ಗೊತ್ತಿತ್ತು. ಜೆನ್-ತಾವ್ ಅಂಥವನಲ್ಲ. ಆದರೆ ಕೆಟ್ಟದ್ದೇನಾದರೂ ಇದ್ದಿದ್ದರೆ ಬೈಯಬಹುದಿತ್ತು, ಅತ್ತು ಜಗಳವಾಡಬಹುದಿತ್ತು. ಇದಕ್ಕೆ ಏನು ಮಾಡುವುದು? ಮನೆಯಲ್ಲಿ ಅವನು ಮಾತು ಕಡಿಮೆ. ಊಟಕ್ಕೆ ಕೂತರೆ ಮೀನಿನ ಮುಳ್ಳು ಬಿಡಿಸಿ ಹೆಂಡತಿಯ ಬಟ್ಟಲಿಗೆ ಹಾಕುತ್ತಿದ್ದ, ಅಷ್ಟೇ ಅವನ ಮಾತು. ಪೇಯ್-ವೆನ್‌ಳನ್ನು ಕೇಳಿದರೆ ಗುರುಗಳು ಹಾಗೆಂದರು, ಗುರುಗಳು ಹೀಗೆ ನಗಿಸಿದರು ಎಂದು ಮುಗಿಯುವುದೇ ಇಲ್ಲ. ತನ್ನ ಮನೆಯ ಮೌನದ ಗಂಡಸು ಯಾರೋ, ಇವಳು ಹೇಳುವ ಗುರುಗಳು ಯಾರೋ ಎನಿಸುತ್ತಿತ್ತು.

ಅವನು ಸತ್ತಾಗ ಪೇಯ್-ವೆನ್ ರಜೆ ಹಾಕಿ ಬಂದು ಮನೆಯ ಅಂಗಳದಲ್ಲಿ ಕುಳಿತು, ಶವದೊಡನೆ ಸುಡುವ ಕಾಗದದ ಕಮಲಗಳನ್ನು ಮಡಿಸಿದ್ದಳು. ಅವಳು ಮಡಿಸಿದ ಕಮಲದ ದಳ ಒಂದಕ್ಕೊಂದು ಸಮ. ಮಿಂಗ್-ಚುವಿನವು ಕಣ್ಣೀರಿಗೆ ಒದ್ದೆಯಾಗಿ ಮುದುಡಿದ್ದವು. ಬಂದವರೆಲ್ಲ, "ಈ ಹೂ ಯಾರು ಮಾಡಿದ್ದು, ಎಷ್ಟು ಚೆಂದ," ಎಂದರು. ಸುಡುವ ಹೊತ್ತಿನಲ್ಲಿ ಮಿಂಗ್-ಚು ತನ್ನ ಮುದುಡಿದ ಹೂಗಳನ್ನು ಮೇಲಿಟ್ಟು ಆ ಚೆಂದದ ಹೂಗಳನ್ನು ಅಡಿಗೆ ತಳ್ಳಿದ್ದಳು.

ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ ಒಂದು ಹಾಡಿನ ಗುನುಗು ಕೇಳಿತು; ಆಮೇಲೆ ಗುನುಗು ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ಪೇಯ್-ವೆನ್ ಯಂತ್ರಕ್ಕೆ ಹೇಳುವುದು ಕೇಳಿತು: "ಬಾರೋ ಕಳ್ಳ, ಹೊರಗೆ ಬಾ. ಎಲ್ಲಿ ಅಡಗಿದೀಯ?"

ದೇವಾಲಯದ ಸಮಿತಿಯ ಅಧ್ಯಕ್ಷ ಹೌ ದೊಡ್ಡಪ್ಪ ಆಗ ಒಳಗೆ ಬಂದ. ಸಿಂಪಿಯ ವ್ಯಾಪಾರದಲ್ಲಿ ಕೂದಲು ನೆರೆಸಿದ ದೊಡ್ಡ ದನಿಯ ಮುದುಕ. "ಏನು ಮಗಳೇ, ಯಾರ ಜೊತೆ ಜಗಳ?" ಎಂದು ಕೋಣೆಗೆ ಇಣುಕಿದ.

"ಹೆಸರೆಲ್ಲ ಇಡೋ ಡೇಟಾಬೇಸ್ ಒಳಗೆ ಕೂರ್ತಾ ಇಲ್ಲ ದೊಡ್ಡಪ್ಪ. ಪರವಾನಗಿ ಸಲ್ಲದು ಅಂತ ಒಂದೇ ರಾಗ."

"ಪರವಾನಗಿ ತಂದಿಲ್ವಾ?"

"ತಂದಿದೀನಿ. ಕಂಪನಿಯಿಂದ ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಮಾಡಿಸ್ಕೊಂಡು ಬಂದಿದ್ದು."

"ಬೆಳಿಗ್ಗೆ ಹುಟ್ಟಿದ್ದು ಮಧ್ಯಾಹ್ನಕ್ಕೆ ಹಳಸಿಹೋಯ್ತಾ? ನನ್ನ ಸಿಂಪಿನೇ ಇದಕ್ಕಿಂತ ವಾಸಿ."

ಪೇಯ್-ವೆನ್ ನಕ್ಕಳು. ನಗುವಿನಲ್ಲಿ ಗೆಲುವಿರಲಿಲ್ಲ. "ಇನ್ನೊಂದು ಕಳಿಸಿ ಅಂತ ಫೋನ್ ಮಾಡ್ತೀನಿ. ಬಂದುಬಿಡುತ್ತೆ."

ಹೌ ದೊಡ್ಡಪ್ಪ ಕಟ್ಟೆಯ ಹತ್ತಿರ ಬಂದು ಮಿಂಗ್-ಚುವಿನ ಎದುರಿನ ಸ್ಟೂಲಿನ ಮೇಲೆ ಕುಳಿತ. ದನಿ ತಗ್ಗಿಸಲು ನೋಡಿದ. ಆದರೆ ಆ ದನಿ ತಗ್ಗುವಂಥದ್ದಲ್ಲ.

"ನೋಡಮ್ಮ, ಐದಕ್ಕೆ ಸಮಿತಿ ಸೇರುತ್ತೆ. ಅಷ್ಟರಲ್ಲಿ ಇದು ಎದ್ದು ನಿಲ್ಲದಿದ್ರೆ ನನ್ನ ತಂಗಿ ಮಗನ ಕಂಪನಿಗೆ ಹೇಳಿಬಿಡ್ತೀವಿ. ಅವರ ಹತ್ರ ಸಿದ್ಧವಾಗಿರೋ ತಂತ್ರಾಂಶ ಇದೆ. ಸಂಜೆ ತಂದು ಹಾಕಿ ಬೆಳಿಗ್ಗೆ ಶುರು ಮಾಡಿಕೊಡ್ತಾರೆ."

"ಹಾಗಾದ್ರೆ ನಮ್ಮನೆಯವರು ಬರೆದದ್ದು?"

ಹೌ ದೊಡ್ಡಪ್ಪ ನೆಲ ನೋಡಿದ. "ಹೆಸರುಗಳನ್ನ ಮಾತ್ರ ತಗೊಳ್ತಾರಂತೆ. ಮಿಕ್ಕಿದ್ದು ಬೇಡವಂತೆ. ಜೆನ್-ತಾವ್ ಇದ್ದಿದ್ರೆ ಈ ಮಾತು ಬರ್ತಿತ್ತಾ? ಅವನಿಲ್ಲ. ನನಗೂ ಬೇಜಾರೇ. ಆದ್ರೆ ನಾಳೆ ಬೆಳಿಗ್ಗೆ ಜನ ಬಂದು ನಿಂತಾಗ ರಶೀದಿ ಬರ್ಬೇಕಮ್ಮ."

ಇಷ್ಟು ಹೇಳಿ ಅವನು ಅಮ್ಮನಿಗೆ ಕೈಮುಗಿದು ಹೊರಟ.

ಮಿಂಗ್-ಚು ಕುಳಿತೇ ಇದ್ದಳು. ಗಂಡನ ಕೆಲಸಗಳಲ್ಲಿ ಈಗ ಉಳಿದಿದ್ದದ್ದು ಈ ತಂತ್ರಾಂಶ ಒಂದೇ. ಬೇರೆ ಊರುಗಳಲ್ಲಿ ಅವನು ಮಾಡಿದ್ದೆಲ್ಲವನ್ನೂ ಕಂಪನಿಗಳು ಆಗಲೇ ಬದಲಾಯಿಸಿದ್ದವು. ಹೆಸರು ಹುಡುಕಿದರೆ ಮನೆಯವರೆಲ್ಲರ ದೀಪಗಳನ್ನೂ ಒಂದೇ ಕಡೆ ತೋರಿಸುವುದು, ಮುದುಕರಿಗೆಂದು ಅಕ್ಷರ ದೊಡ್ಡದಾಗುವುದು, ದೀಪದ ಅವಧಿ ಮುಗಿದಾಗ "ಮುಗಿಯಿತು" ಎನ್ನದೆ "ಅಮ್ಮ ನೆನೆಯುತ್ತಾಳೆ" ಎಂದು ಬರೆಯುವುದು, ಇವೆಲ್ಲ ಅವನ ಯೋಚನೆ. ಮಾತಾಡದ ಗಂಡಸು ಅಲ್ಲಿ ಮಾತಾಡಿದ್ದ. ಅದು ಹೋದರೆ ಅವನು ಇನ್ನೊಂದು ಸಲ ಹೋದಂತೆ.

ಆದರೆ ಉಳಿದರೆ? ಉಳಿದರೆ ಅದನ್ನು ನೋಡಿಕೊಳ್ಳುವವಳು ಪೇಯ್-ವೆನ್. ತಿಂಗಳು ತಿಂಗಳು ಬರುತ್ತಾಳೆ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಏಳಿ ಅಕ್ಕಾ ಎನ್ನುತ್ತಾಳೆ. ಗುರುಗಳು ಇದನ್ನು ಯಾಕೆ ಹೀಗೆ ಬರೆದರೆಂದು ಹೆಂಡತಿಗೇ ವಿವರಿಸುತ್ತಾಳೆ.

ಈ ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆಂದು ಅವಳಿಗೆ ತಿಳಿಯಲಿಲ್ಲ.

ಕೋಣೆಯಲ್ಲಿ ಪೇಯ್-ವೆನ್ ಹಾಕಿದ್ದನ್ನು ತೆಗೆದು ಮತ್ತೆ ಹಾಕಿದಳು. ಯಂತ್ರದ ಹೆಸರು ಸರಿಯಾಗಿ ಬರೆದಿದೆಯೇ, ಜಾಗ ಸಾಲುತ್ತದೆಯೇ, ಕಡತಗಳನ್ನು ಮುಟ್ಟಲು ಡೇಟಾಬೇಸಿಗೆ ಹಕ್ಕು ಕೊಟ್ಟಿದೆಯೇ, ಬೇಕಾದ ಬಿಡಿಭಾಗವೊಂದು ಬಿಟ್ಟುಹೋಗಿದೆಯೇ ಎಂದು ಒಂದೊಂದನ್ನೇ ನೋಡಿದಳು. ಎಲ್ಲ ಸರಿಯಿತ್ತು. ಹಿಂದೊಮ್ಮೆ ಯಾರೋ ಹೊರಗಿನ ಜಾಲದಿಂದ ನುಗ್ಗಿ ಭಕ್ತರ ಹೆಸರುಗಳನ್ನು ಕದ್ದ ಮೇಲೆ ದೇವಾಲಯದ ಯಂತ್ರಕ್ಕೆ ಹೊರಗಿನ ಜಾಲದ ಕೊಂಡಿಯನ್ನೇ ಕೊಡುತ್ತಿರಲಿಲ್ಲ. ಹಾಗಾಗಿ ನಾಲ್ಕು ಗಂಟೆಗೆ ತೈಚುಂಗ್‌ನಲ್ಲಿ ಮಾಡಿದ ಹೊಸ ಪರವಾನಗಿ ಅವಳ ಫೋನಿಗೆ ಬಂತು. ಹಳೆಯದನ್ನು ಅಳಿಸಿ, ಇದನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ಮತ್ತೆ ಅದನ್ನೇ ಹೇಳಿತು: ಪರವಾನಗಿ ಸಲ್ಲದು.

ಇದನ್ನೆಲ್ಲ ಕಟ್ಟೆಯಿಂದಲೇ ಕೇಳುತ್ತಿದ್ದ ಮಿಂಗ್-ಚುವಿನ ಎದೆಯಲ್ಲಿ ಒಂದು ಸಣ್ಣ ಸಂತೋಷ ಎದ್ದಿತು. ಅದು ಒಳ್ಳೆಯ ಸಂತೋಷವಲ್ಲವೆಂದು ಅವಳು ಬಲ್ಲಳು. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಳಂತೆ! ಈಗ ಎರಡು ಕಣ್ಣು ತೆರೆದರೂ ಆಗುತ್ತಿಲ್ಲ. ಗುರುಗಳು ಕಲಿಸಿದ್ದು ಇಷ್ಟೇ ಏನೋ. ಆ ಸಂತೋಷದಲ್ಲೇ ಅವಳು ಅಡುಗೆ ಕೋಣೆಗೆ ಹೋಗಿ ಕಡಲೆಬೀಜದ ಬಿಸಿ ಪಾಯಸವನ್ನು ಬಟ್ಟಲಿಗೆ ಸುರಿದಳು. ಉಪಚಾರಕ್ಕೆಂದು ಅಲ್ಲ; ಸೋತ ಮುಖವನ್ನು ಹತ್ತಿರದಿಂದ ನೋಡಬೇಕಿತ್ತು.

ಅವಳು ಬಟ್ಟಲು ಹಿಡಿದು ಕೋಣೆಯ ಬಾಗಿಲಿಗೆ ಬಂದಾಗ ಹೌ ದೊಡ್ಡಪ್ಪ ಮತ್ತೆ ಅಲ್ಲಿದ್ದ. ಪೇಯ್-ವೆನ್‌ಳ ಹಿಂದೆ ಬಾಗಿ ಪರದೆಯನ್ನು ನೋಡುತ್ತಿದ್ದ.

"ಇದೇನು ಮಗಳೇ, ಇಲ್ಲಿ ಎಂಟೂ ಹತ್ತು ಅಂತಿದೆ? ಈಗ ನಾಲ್ಕು ದಾಟಿದೆಯಲ್ಲ."

"ಅದು ಲಂಡನ್ ಸಮಯ ದೊಡ್ಡಪ್ಪ," ಎಂದಳು ಪೇಯ್-ವೆನ್, ತಲೆ ಎತ್ತದೆ. "ಸರ್ವರ್‌ಗಳನ್ನ ಎಷ್ಟೋ ಸಲ ಹಾಗೇ ಇಟ್ಟಿರ್ತಾರೆ. ನಮಗಿಂತ ಎಂಟು ಗಂಟೆ ಹಿಂದೆ. ಮಾರಿದೋರು ಹಾಗೇ ಬಿಟ್ಟಿದಾರೆ. ಅದರಿಂದೇನೂ ತೊಂದರೆ ಇಲ್ಲ."

"ಓ, ಇಂಗ್ಲಿಷ್ ಯಂತ್ರ! ಅದಕ್ಕೇ ನಮ್ಮ ಮಾತು ಕೇಳ್ತಿಲ್ಲ."

ಮಿಂಗ್-ಚು ಬಟ್ಟಲು ಹಿಡಿದೇ ಪರದೆಯನ್ನು ನೋಡಿದಳು. ಅದು ಲಂಡನ್ನಿನ ಸಮಯವಲ್ಲ. ಅದು ತಾನು ಬರೆದ ಸಮಯ. ತಾನು ಎಬ್ಬಿಸಿದ ಬೆಳಗು ಅಲ್ಲಿ ಇನ್ನೂ ನಡೆಯುತ್ತಿದೆ.

ಹಿಂದೊಮ್ಮೆ ಕರೆಂಟು ಹೋಗಿ ಹಳೆಯ ಯಂತ್ರ ದಿನ ಮರೆತಾಗ, ಆಗಲೇ ಕೊಟ್ಟಿದ್ದ ರಶೀದಿಗಳನ್ನೆಲ್ಲ ಅದು ಇಲ್ಲವೆಂದಿತ್ತು. ಜೆನ್-ತಾವ್ ಫೋನಿನಲ್ಲಿ, "ಅದರ ಲೆಕ್ಕದಲ್ಲಿ ಅವು ಇನ್ನೂ ಹುಟ್ಟಿಲ್ಲ ಕಣೇ. ಹುಟ್ಟದ್ದನ್ನ ತೋರಿಸಿದ್ರೆ ಯಾರು ನಂಬ್ತಾರೆ?" ಎಂದಿದ್ದ. ಬೆಳಿಗ್ಗೆ ಹತ್ತು ಗಂಟೆಯ ಪರವಾನಗಿ. ಆಮೇಲೆ ನಾಲ್ಕು ಗಂಟೆಯ ಪರವಾನಗಿ. ಯಂತ್ರದಲ್ಲಿ ಇನ್ನೂ ಎಂಟು.

ಬಟ್ಟಲನ್ನು ಮೇಜಿನ ಮೂಲೆಗೆ ಇಟ್ಟು ಅವಳು ಹೊರಗೆ ಬಂದಳು. ಹಿಂದಿನಿಂದ ಹೌ ದೊಡ್ಡಪ್ಪ ಹೇಳುವುದು ಕೇಳಿತು: "ಮಗಳೇ, ನೀನು ಪ್ರಯತ್ನ ಮಾಡಿದೀಯ. ನಾನು ತಂಗಿ ಮಗನಿಗೆ ಬರೋಕೆ ಹೇಳ್ತೀನಿ."

"ಇನ್ನೊಂದು ಸ್ವಲ್ಪ ಹೊತ್ತು ದೊಡ್ಡಪ್ಪ. ದಮ್ಮಯ್ಯ. ಇದು ಗುರುಗಳದ್ದು."

ಇದು ಗುರುಗಳದ್ದು! ಮಿಂಗ್-ಚು ಮಾಝು ಅಮ್ಮನ ಎದುರು ಹೋಗಿ ಮಂಡಿಯೂರಿದಳು. ಅಮ್ಮನ ಮುಖ ಹೊಗೆಯಿಂದ ಕಪ್ಪಾಗಿದೆ. ಕಡಲಿನಲ್ಲಿ ಎಷ್ಟು ಜನರ ಕೂಗನ್ನು ಕೇಳಿದ ಮುಖವೋ. ಮನುಷ್ಯರ ಮನಸ್ಸಿನ ಕೆಸರು ಅಲ್ಲಿ ಹೊಸದಲ್ಲ.

ನಾನು ಸುಮ್ಮನಿದ್ದರೆ ಅವಳು ಸೋತು ಹೋಗುತ್ತಾಳೆ, ಇನ್ನು ಬರುವುದಿಲ್ಲ, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಅವರ ಬರಹವೂ ಹೋಗುತ್ತದೆ. ಹೋದರೆ ಹೋಗಲಿ, ಅವಳ ಕೈಗೆ ಬೀಳುವುದಕ್ಕಿಂತ ಅದೇ ಸರಿ ಅಂತ ನನ್ನ ಹೊಟ್ಟೆಕಿಚ್ಚು ಹೇಳುತ್ತಿದೆ. ಹೇಳಬೇಕೋ ಬೇಡವೋ, ನೀನೇ ತಿಳಿಸು ತಾಯಿ.

ಅರ್ಧಚಂದ್ರದಂತಿರುವ ಎರಡು ಕೆಂಪು ಮರದ ತುಂಡುಗಳನ್ನು ಕೈಯಲ್ಲಿ ಹಿಡಿದು ನೆಲಕ್ಕೆ ಬಿಟ್ಟಳು. ಒಂದು ಬೋರಲು, ಒಂದು ಅಂಗಾತ ಬಿದ್ದರೆ ಅಮ್ಮ ಹೌದೆಂದಳೆಂದು ಅರ್ಥ. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತ ಬಿದ್ದವು. ನೆಲದ ಮೇಲೆ ಕುಲುಕುಲು ಅಲ್ಲಾಡಿದವು. ಅದನ್ನು ನಾವು ಅಮ್ಮನ ನಗು ಎನ್ನುತ್ತೇವೆ. ಗೊತ್ತಿದ್ದೂ ಕೇಳುವವರನ್ನು ನೋಡಿ ಅವಳು ನಗುತ್ತಾಳೆ.

ಮಿಂಗ್-ಚುಗೆ ನಾಚಿಕೆಯಾಯಿತು. ಸಿಟ್ಟೂ ಬಂತು. "ನಗು, ನಗು. ನಿನಗೇನು, ಮದುವೆಯೇ ಆಗದವಳು," ಎಂದು ಗೊಣಗಿ, ತಕ್ಷಣ ಕೆನ್ನೆ ತಟ್ಟಿಕೊಂಡು ಎದ್ದಳು.

ಕೋಣೆಯಲ್ಲಿ ಹೌ ದೊಡ್ಡಪ್ಪ ಫೋನಿನಲ್ಲಿ ಹೆಸರು ಹುಡುಕುತ್ತಿದ್ದ. ಪೇಯ್-ವೆನ್ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಪಾಯಸವನ್ನು ಮುಟ್ಟಿರಲಿಲ್ಲ.

"ದೊಡ್ಡಪ್ಪ, ಫೋನು ಕೆಳಗಿಡಿ," ಎಂದಳು ಮಿಂಗ್-ಚು. "ಗಡಿಯಾರ ನಾನು ತಿರುಗಿಸಿದ್ದು."

"ಯಾವ ಗಡಿಯಾರ?"

"ಇದರದ್ದು. ಲಾರಿ ತಡವಾಗಿ ಬಂತು. ಮೊಲದ ಹೊತ್ತು ಹೋಗಿತ್ತು. ಕುರಿಯ ಹೊತ್ತಲ್ಲಿ ಹೊಸದನ್ನ ಎಬ್ಬಿಸೋದು ಹೇಗೆ? ಅದಕ್ಕೇ ಗಡಿಯಾರನ ಬೆಳಿಗ್ಗೆಗೆ ತಂದೆ. ಆಮೇಲೆ ಸರಿ ಮಾಡೋಣ ಅಂತಿದ್ದೆ. ಇವಳು ಬಂದು ಎದ್ದೇಳಿ ಅಂದಳು, ಎದ್ದುಹೋದೆ."

ಪೇಯ್-ವೆನ್ ಮುಖದಿಂದ ಕೈ ತೆಗೆದಳು. ಪರದೆಯನ್ನು ನೋಡಿದಳು, ತನ್ನ ಕೈಗಡಿಯಾರ ನೋಡಿದಳು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಂಡಂತೆ, "ಇದು ಲಂಡನ್ ಅಲ್ಲ," ಎಂದಳು.

"ಅಲ್ಲ."

"ನನ್ನ ಪರವಾನಗಿ ಇದಕ್ಕೆ ನಾಳೆಯದು ಇದ್ದ ಹಾಗೆ. ಇನ್ನೂ ಹುಟ್ಟೇ ಇಲ್ಲ."

"ಹುಟ್ಟದ್ದನ್ನ ತೋರಿಸಿದ್ರೆ ಯಾರು ನಂಬ್ತಾರೆ?" ಎಂದಳು ಮಿಂಗ್-ಚು. ಇಷ್ಟು ದಿನ ಗುರುಗಳ ಮಾತನ್ನು ಇವಳು ಹೇಳುತ್ತಿದ್ದಳು. ಈಗ ತಾನೊಂದು ಹೇಳಿದೆ ಎಂದು ಒಳಗೊಳಗೇ ಎಣಿಸಿದಳು. ಹೊಟ್ಟೆಕಿಚ್ಚು ಅಷ್ಟು ಬೇಗ ಆರುವುದಿಲ್ಲ.

ಹೌ ದೊಡ್ಡಪ್ಪ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. "ಅಂದ್ರೆ, ಇಷ್ಟು ಹೊತ್ತು ಈ ಹುಡುಗೀನ ಗೋಳು ಹುಯ್ಕೊಂಡಿದ್ದು ಮೊಲ?"

"ಮೊಲ ಅಲ್ಲ, ನಾನು," ಎಂದಳು ಮಿಂಗ್-ಚು.

ಪೇಯ್-ವೆನ್ ಕೋಪಿಸಿಕೊಳ್ಳಬಹುದಿತ್ತು. ಕೋಪಿಸಿಕೊಂಡಿದ್ದರೆ ಮಿಂಗ್-ಚುಗೆ ಹಗುರವಾಗುತ್ತಿತ್ತು. ಅವಳು ಕುರ್ಚಿಯನ್ನು ತಿರುಗಿಸಿ, ಬೇರೆಯೇ ಒಂದು ಮಾತು ಕೇಳಿದಳು. "ಇದನ್ನ ನಿಮಗೆ ಯಾರು ಹೇಳಿಕೊಟ್ಟರು ಅಕ್ಕಾ?"

"ಇನ್ಯಾರು? ಅವರೇ. ಹಳೇ ಯಂತ್ರ ಬಂದಾಗ ಇಲ್ಲೇ, ನನ್ನೆದುರೇ ಮಾಡಿದ್ರು."

"ಇಲ್ಲಿ ಮಾತ್ರನಾ?"

"ಮತ್ತೆಲ್ಲಿ? ಬೇರೆ ಊರಿಗೆ ಹೋಗೋ ಮುಂಚೆ ನಾಳೆ ಯಾವ ಹೊತ್ತು ಒಳ್ಳೇದು ಅಂತ ಕೇಳ್ತಿದ್ರು. ನಾನು ಪಂಚಾಂಗ ನೋಡಿ ಹೇಳ್ತಿದ್ದೆ. ನನ್ನ ಸಮಾಧಾನಕ್ಕೆ ಕೇಳ್ತಾರೆ, ಅಲ್ಲಿ ಹೋಗಿ ಮರೀತಾರೆ ಅಂದ್ಕೊಂಡಿದ್ದೆ."

ಪೇಯ್-ವೆನ್ ತಿರುಗಿ ಪರದೆಯ ಮೇಲಿನ ಸಮಯವನ್ನು ಮತ್ತೊಮ್ಮೆ ನೋಡಿದಳು.

"ಮರೀತಿರಲಿಲ್ಲ," ಎಂದಳು. "ಒಂದು ಕಡೆನೂ ಮರೀಲಿಲ್ಲ. ಪೆಟ್ಟಿಗೆ ಬಿಚ್ಚಿದ ಕೂಡಲೇ 'ಹೋಗಿ ಚಹಾ ಕುಡ್ಕೊಂಡು ಬನ್ನಿ' ಅಂತ ನಮ್ಮನ್ನೆಲ್ಲ ಹೊರಗೆ ಕಳಿಸೋರು. ನನ್ನನ್ನೂ. ವಾಪಸ್ ಬಂದ್ರೆ ಕೋಣೇಲಿ ಊದುಬತ್ತಿ ವಾಸನೆ. ಏನು ಮಾಡ್ತಿದ್ರಿ ಅಂತ ಒಂದು ಸಲ ಕೇಳ್ದೆ. 'ಮನೆ ಕೆಲಸ' ಅಂದ್ರು. ಅಷ್ಟೇ. ಆ ಯಂತ್ರಗಳ ದಾಖಲೆ ತೆಗೆದ್ರೆ ಮೊದಲ ಸಾಲಲ್ಲಿ ಯಾವಾಗಲೂ ಹೊತ್ತಲ್ಲದ ಹೊತ್ತು. ನಸುಕು, ಇಲ್ಲ ನಡುರಾತ್ರಿ. ನಾನು ಎಲ್ಲಾನೂ ಲಂಡನ್ ಅಂದ್ಕೊಂಡಿದ್ದೆ."

"ಅಯ್ಯೋ ದೇವರೇ," ಎಂದ ಹೌ ದೊಡ್ಡಪ್ಪ.

"ನನಗೆ ಎಲ್ಲ ಕಲಿಸಿದ್ರು. ಒಂದನ್ನೂ ಬಿಡಲಿಲ್ಲ. ಆ ಬಾಗಿಲು ಮಾತ್ರ ಹಾಕ್ಕೊಳ್ತಿದ್ರು. ಅದರ ಹೊರಗೆ ಚಹಾ ಹಿಡ್ಕೊಂಡು ನಿಂತಾಗ..." ಪೇಯ್-ವೆನ್ ಮಾತು ನಿಲ್ಲಿಸಿ ತಣ್ಣಗಾದ ಪಾಯಸದ ಬಟ್ಟಲನ್ನು ಕೈಗೆತ್ತಿಕೊಂಡಳು. "ಒಳಗೆ ನನಗಿಂತ ಹತ್ತಿರದವರು ಯಾರೋ ಇದಾರೆ ಅನ್ನಿಸೋದು. ಹೊಟ್ಟೆ ಉರಿಯೋದು ಅಕ್ಕಾ. ಸುಳ್ಳು ಯಾಕೆ ಹೇಳ್ಲಿ."

ಮಿಂಗ್-ಚು ಗೋಡೆಗೆ ಒರಗಿ ನಿಂತಳು. ಯಾವ ಯಾವುದೋ ಊರಿನ ಅಕ್ಕಿ ಗಿರಣಿಯಲ್ಲಿ, ಶಾಲೆಯಲ್ಲಿ, ಮೀನಿನ ಮಂಜುಗಡ್ಡೆಯ ಕಾರ್ಖಾನೆಯಲ್ಲಿ, ಬಾಗಿಲು ಹಾಕಿಕೊಂಡು, ಹೆಂಡತಿ ಹೇಳಿದ ಹೊತ್ತಿಗೆ ಗಡಿಯಾರ ತಿರುಗಿಸಿ, ಒಬ್ಬನೇ ಊದುಬತ್ತಿ ಹಚ್ಚಿ ನಿಂತ ಆ ಮನುಷ್ಯನನ್ನು ಅವಳು ಕಂಡಳು. ಮನೆಗೆ ಬಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಹೇಳಲಿಲ್ಲ. ಮೀನಿನ ಮುಳ್ಳು ಬಿಡಿಸಿ ಬಟ್ಟಲಿಗೆ ಹಾಕಿದ. ಇದನ್ನು ಅವಳಿಗೆ ಹೇಳಿದವಳು ಈ ಪೇಯ್-ವೆನ್. ಇವಳು ಇಂದು ಇಲ್ಲಿಗೆ ಬರದಿದ್ದರೆ, ಬಂದು ಸೋಲದಿದ್ದರೆ, ಈ ಸಂಗತಿ ಅವಳಿಗೆ ಸಾಯುವವರೆಗೂ ತಿಳಿಯುತ್ತಿರಲಿಲ್ಲ.

ಕಣ್ಣೊರೆಸಿಕೊಂಡು, "ಏಳು," ಎಂದಳು.

"ಅಕ್ಕಾ?"

"ಕುರ್ಚಿಯಿಂದ ಏಳು. ಕೆಡಿಸಿದವಳು ನಾನು, ಸರಿ ಮಾಡೋಳೂ ನಾನೇ."

ಪೇಯ್-ವೆನ್ ಎದ್ದಳು. ಮಿಂಗ್-ಚು ಕುಳಿತು ತನಗೆ ಗೊತ್ತಿದ್ದ ಒಂದೇ ಸಾಲನ್ನು ಬರೆದಳು. ಕೊನೆಯ ಕೀಲಿಯನ್ನು ಒತ್ತುವ ಮೊದಲು ಬೆರಳು ನಿಂತಿತು. "ಇದನ್ನ ಮುಂದೆ ತಂದ್ರೆ ಅದು ಬೆಳಿಗ್ಗೆ ಎದ್ದದ್ದು ಹೋಗಿಬಿಡುತ್ತಾ?"

"ಇಲ್ಲ. ಆರು ಗಂಟೆಗೆ ಎದ್ದೆ ಅಂತ ಅದು ಆಗಲೇ ಬರ್ಕೊಂಡಿದೆ. ಅದನ್ನ ನಾನು ಅಳಿಸಲ್ಲ."

ಗಡಿಯಾರ ಸಂಜೆಗೆ ಬಂತು. ಪೇಯ್-ವೆನ್ ನಿಂತುಕೊಂಡೇ, ಮಿಂಗ್-ಚುವಿನ ಹೆಗಲಿನ ಮೇಲಿಂದ ಕೈ ಚಾಚಿ, ಡೇಟಾಬೇಸನ್ನು ಮತ್ತೊಮ್ಮೆ ಹಾಕಲು ತೊಡಗಿದಳು. ಸಾಲುಗಳು ಒಂದರ ಹಿಂದೊಂದು ಓಡಿದವು. ಪರವಾನಗಿಯ ಸಾಲು ಬಂತು, ನಿಲ್ಲದೆ ಮುಂದೆ ಹೋಯಿತು. ಹೌ ದೊಡ್ಡಪ್ಪ, "ನುಂಗಿತು! ನುಂಗಿತು!" ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಜೆನ್-ತಾವ್ ಬರೆದ ತಂತ್ರಾಂಶದ ಮೊದಲ ಪುಟ ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ನಿಂತಿತು.

"ನಾನು ಹೋಗಿ ಸಮಿತಿಯವರಿಗೆ ಹೇಳ್ತೀನಿ," ಎಂದ ಹೌ ದೊಡ್ಡಪ್ಪ. ಬಾಗಿಲಲ್ಲಿ ತಿರುಗಿ, "ಮಿಂಗ್-ಚು, ಮೊಲದ ವಿಷಯ ಹೇಳ್ಲಾ ಬೇಡ್ವಾ?" ಎಂದ.

"ಲಂಡನ್ ಅಂತ ಹೇಳಿ."

ಅವನು ನಗುತ್ತ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು.

"ಒಂದು ಹೆಸರು ಹಾಕಿ ನೋಡ್ಬೇಕು ಅಕ್ಕಾ, ಎಲ್ಲ ಸರಿಯಾಗಿ ಉಳಿಯುತ್ತಾ ಅಂತ. ಯಾವುದಾದ್ರೂ ಹಾಕಿ."

ಜೆನ್-ತಾವ್‌ನ ಹೆಸರು ಹಾಕುವಂತಿರಲಿಲ್ಲ. ಆ ಗೋಡೆಯ ದೀಪಗಳು ಬದುಕಿರುವವರಿಗೆ ಮಾತ್ರ. ಮಿಂಗ್-ಚು ತುಸು ಯೋಚಿಸಿದಳು. ಆಮೇಲೆ ಒಂದು ಬೆರಳಿನಲ್ಲಿ ನಿಧಾನವಾಗಿ ಫಾಂಗ್ ಪೇಯ್-ವೆನ್ ಎಂದು ಬರೆದಳು. ಯಾವ ಗೂಡು ಎಂದು ಯಂತ್ರ ಕೇಳಿತು. ಗೂಡು ಆರಿಸಲು ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಪೇಯ್-ವೆನ್ ಬಾಗಿ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೂ ನಗು ಬಂತು.

"ಅಕ್ಕಾ, ಇದು ಎಲ್ಲಕ್ಕಿಂತ ಕೆಳಗಿನ ಸಾಲು. ಅದೂ ಕಂಬದ ಹಿಂದೆ."

"ಅಲ್ಲಿ ಗಾಳಿ ಕಡಿಮೆ. ದೀಪ ಆರಲ್ಲ."

"ಇವೆಲ್ಲ ಕರೆಂಟಿನ ದೀಪ ಅಲ್ವಾ?"

"ಸುಮ್ನೆ ಗುಂಡಿ ಒತ್ತು," ಎಂದಳು ಮಿಂಗ್-ಚು. "ಆ ಪಾಯಸನೂ ಕುಡಿ. ಬಿಸಿ ಮಾಡಿ ತರ್ಲಾ?"